ಏಳನೆಯ ಪ್ರೋಟೀನು ಮತ್ತು ಬದಿಯಡ್ಕದ ಬಸ್ಸು

ಊಟದ ಹೊತ್ತಿನಲ್ಲಿ ಕರುಳಿನ ವಿಷಯ ಎತ್ತಬಾರದು ಎಂಬುದು ನಮ್ಮ ಮನೆಯ ನಿಯಮ. ಮದುವೆಯಾದ ಹೊಸತರಲ್ಲೇ ನನ್ನ ಹೆಂಡತಿ ವಿನಯಾ ಅದನ್ನು ಜಾರಿಗೆ ತಂದಳು. ಹಾಗಾಗಿ ನಾನು ಇಷ್ಟು ವರ್ಷ ಏನು ಕೆಲಸ ಮಾಡಿದೆ ಎಂಬುದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಿವೃತ್ತನಾದ ಮೇಲೆ, ಪ್ರಯೋಗಾಲಯದ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ಬಂದು, "ಸಾರ್, ಈ ಕೆಲಸ ಹೇಗಿರ್ತದೆ?" ಎಂದು ಕೇಳುತ್ತಾರೆ. ಅವರು ಬರುವುದೂ ಊಟದ ಹೊತ್ತಿಗೇ. ಬರೆದುಕೊಟ್ಟರೆ ಎಲ್ಲರಿಗೂ ಕ್ಷೇಮ ಎಂದುಕೊಂಡೆ.

ಬರೆಯುವ ಮೊದಲು ಒಂದು ಎಚ್ಚರಿಕೆ ಕೊಡಬೇಕು. ನನಗೆ ನನ್ನ ನೆನಪಿನ ಮೇಲೆ ಅಷ್ಟೊಂದು ವಿಶ್ವಾಸವಿಲ್ಲ. ನೆನಪೂ ರಕ್ತದ ಸ್ಯಾಂಪಲಿನ ಹಾಗೆಯೇ. ತೆಗೆದ ಕೂಡಲೇ ನೋಡಿದರೆ ನಂಬಬಹುದು. ಬಹಳ ಕಾಲ ಬಿಸಿಯಲ್ಲಿಟ್ಟು ಆಮೇಲೆ ನೋಡಿದರೆ, ಯಾವುದು ಮೊದಲೇ ಇದ್ದದ್ದು, ಯಾವುದು ಆಮೇಲೆ ಸೋರಿ ಸೇರಿದ್ದು ಎಂದು ಹೇಳುವುದು ಕಷ್ಟ. ಅದಕ್ಕಾಗಿ ಇನ್ನೊಂದು ಸಾಕ್ಷಿಯನ್ನು ಇಟ್ಟುಕೊಂಡಿದ್ದೇನೆ. ನಮ್ಮ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದ ಎಡನೀರಿನ ಶೈಲಜಾ. ಈ ಬರಹವನ್ನು ತುಂಡು ತುಂಡಾಗಿ ಅವಳಿಗೆ ಫೋನಿನಲ್ಲಿ ಓದಿ ಹೇಳಿದ್ದೇನೆ.

"ಶೈಲಜಾ, ನಾನು ಬಸ್ಸಿನಲ್ಲಿ ಹೋದ ದಿವಸ ಜೋರು ಮಳೆ ಅಲ್ಲವಾ?"

"ಎಂತ ಮಳೆ ಸಾರ್? ಮಾರ್ಚಿ ತಿಂಗಳು. ನೀವು ಕೊಡೆ ಹಿಡ್ಕೊಂಡಿದ್ದದ್ದು ಬಿಸಿಲಿಗೆ."

ನನ್ನ ನೆನಪಿನಲ್ಲಿ ಕೊಡೆ ಒದ್ದೆಯಾಗಿದೆ. ಓದುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ನಾನಿದ್ದದ್ದು ಕಾಸರಗೋಡು ಪೇಟೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ. ನನ್ನ ಹಳ್ಳಿ ಮೀಂಜದಿಂದ ಹೊರಟು, ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಓದಿ, ಏನನ್ನೂ ನಂಬದಿರುವ ಅಭ್ಯಾಸವನ್ನು ಅಲ್ಲೇ ಕಲಿತು ಬಂದಿದ್ದೆ. ನಾನು ಸೇರಿದ ಕಾಲದಲ್ಲಿ ಪಿಪೆಟ್ಟನ್ನು ಬಾಯಲ್ಲಿ ಹೀರಿ ದ್ರವ ಎತ್ತುತ್ತಿದ್ದೆವು. ಇಂದಿನವರಿಗೆ ಹೇಳಿದರೆ ಮುಖ ಕಿವುಚುತ್ತಾರೆ. ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ಹಳದಿ ಎಷ್ಟು ಗಾಢ ಎಂದು ಕಣ್ಣಂದಾಜಿನಲ್ಲಿ ಹೇಳುತ್ತಿದ್ದೆವು. ಮೋಡ ಕವಿದ ದಿನ ಊರಿನ ಎಲ್ಲರಿಗೂ ಸ್ವಲ್ಪ ಕಾಮಾಲೆ ಬರುತ್ತಿತ್ತು. ಆಮೇಲೆ ಬಣ್ಣ ಓದುವ ಯಂತ್ರ ಬಂತು. ಅದರ ನಂತರ, ಒಂದೇ ತಟ್ಟೆಯಲ್ಲಿ ಹತ್ತಾರು ಪ್ರೋಟೀನುಗಳನ್ನು ಅಳೆಯುವ ಯಂತ್ರ ಬಂತು. ಯಂತ್ರ ಬಂದ ಮೇಲೆ ತಪ್ಪುಗಳು ಕಡಿಮೆಯಾಗಲಿಲ್ಲ. ನೋಡಲು ಅಚ್ಚುಕಟ್ಟಾದವು, ಅಷ್ಟೆ.

ನಮ್ಮ ಮೇಲಧಿಕಾರಿ ಡಾಕ್ಟರ್ ಕುರುಪ್. ತೆಂಕಣ ಕೇರಳದ ಕೊಲ್ಲಂ ಊರಿನವರು, ಹೊಟ್ಟೆ ಮತ್ತು ಕರುಳಿನ ತಜ್ಞರು. ಕನ್ನಡವನ್ನು ರೋಗಿಗಳಿಂದಲೇ ಕಲಿತಿದ್ದರು. ಆದ್ದರಿಂದ ಅವರ ಕನ್ನಡದಲ್ಲಿ ಹೊಟ್ಟೆಯ ಕೆಳಗಿನ ಎಲ್ಲ ಶಬ್ದಗಳೂ ಇದ್ದವು, ಮೇಲಿನವು ಕಡಿಮೆ. ಒಳ್ಳೆಯ ಮನುಷ್ಯ. ಆದರೆ ಬೆಳಗ್ಗೆ ಒಂದು ವಿಚಾರ ಹೊಳೆದರೆ ಮಧ್ಯಾಹ್ನದ ಒಳಗೆ ಅದು ಸಾಬೀತಾಗಿರಬೇಕಿತ್ತು.

ಅವರಿಗೆ ಹೊಳೆದ ವಿಚಾರ ಇದು. ದೊಡ್ಡ ಕರುಳಿನ ಒಳಗೋಡೆಯಲ್ಲಿ ಕೆಲವರಿಗೆ ಅಣಬೆಯಂಥ ಸಣ್ಣ ಗಂಟುಗಳು ಮೂಡುತ್ತವೆ. ಪಾಲಿಪ್ ಎನ್ನುತ್ತಾರೆ. ಹೆಚ್ಚಿನವು ಸುಮ್ಮನಿರುತ್ತವೆ, ಕೆಲವು ವರ್ಷಗಳು ಕಳೆದಂತೆ ಕ್ಯಾನ್ಸರ್ ಆಗುತ್ತವೆ. ಹಿಂಬದಿಯಿಂದ ಕ್ಯಾಮೆರಾ ಇರುವ ನಳಿಕೆ ಹಾಕಿ ನೋಡಿ, ಕಂಡದ್ದನ್ನು ಅಲ್ಲೇ ಕತ್ತರಿಸಿ ತೆಗೆಯಬಹುದು. ಆದರೆ ಕೆಲವರಲ್ಲಿ ಮತ್ತೆ ಬರುತ್ತವೆ. ಯಾರಲ್ಲಿ ಬರುತ್ತವೆ ಎಂದು ತಿಳಿಯಲು ಮತ್ತೆ ನಳಿಕೆ ಹಾಕಿಯೇ ನೋಡಬೇಕು. ನಮ್ಮ ಊರವರು ಒಂದು ಸಲ ಬರುತ್ತಾರೆ. ಎರಡನೆಯ ಸಲ ಬನ್ನಿ ಎಂದರೆ ಫೋನ್ ನಂಬರ್ ಬದಲಾಯಿಸುತ್ತಾರೆ.

"ರೈ, ರಕ್ತದಲ್ಲಿ ಗೊತ್ತಾಗಬೇಕು," ಎಂದರು ಕುರುಪ್. "ಯಾವುದಾದರೂ ಪ್ರೋಟೀನ್ ಹೇಳಬೇಕು, ಇವನಿಗೆ ಮತ್ತೆ ಬರ್ತದೆ, ಇವನಿಗೆ ಬರುವುದಿಲ್ಲ ಅಂತ. ನೀವು ಹುಡುಕಿ."

ಯಾಕೆ ಬೇಕು ಎಂಬುದಕ್ಕೆ ಅವರ ಕಣ್ಣೆದುರು ಒಬ್ಬರೇ ವ್ಯಕ್ತಿ ಇದ್ದರು. ಬದಿಯಡ್ಕದ ಅಡಿಕೆ ವ್ಯಾಪಾರಿ ಮೂಸ ಹಾಜಿ.

ಹಾಜಿಯವರ ಮೊದಲ ಪರೀಕ್ಷೆಯ ದಿನವನ್ನು ನಮ್ಮ ಆಸ್ಪತ್ರೆಯಲ್ಲಿ ಯಾರೂ ಮರೆಯಲಾರರು. ನಳಿಕೆ ಹಾಕುವ ಮೊದಲು ಕರುಳು ಪೂರ್ತಿ ಖಾಲಿಯಾಗಬೇಕು. ಔಷಧಿ ಕಲಸಿದ ನೀರನ್ನು ಹೂಜಿಗಟ್ಟಲೆ ಕುಡಿಯಬೇಕು. ಗಟ್ಟಿಯಾದದ್ದು ಏನೂ ತಿನ್ನುವಂತಿಲ್ಲ. ತಿಳಿಯಾದದ್ದನ್ನು ಮಾತ್ರ ಕುಡಿಯಬಹುದು. ನರ್ಸು ಇಷ್ಟನ್ನು ಸರಿಯಾಗಿಯೇ ಹೇಳಿದ್ದಳು. ಹಾಜಿಯವರ ಲೆಕ್ಕದಲ್ಲಿ, ಲೋಟದ ತಳ ಕಂಡರೆ ಅದು ತಿಳಿ. ಹಾಗಾಗಿ ಅವರು ಮನೆಗೆ ಹೋಗಿ, ಹೆಂಡತಿ ನಫೀಸಾ ಬಟ್ಟೆಯಲ್ಲಿ ಎರಡೆರಡು ಸಲ ಸೋಸಿಕೊಟ್ಟ ಪುನರ್ಪುಳಿ ಹಣ್ಣಿನ ಶರಬತ್ತನ್ನು ಇಡೀ ದಿನ ಕುಡಿದರು. ಕೆಂಪು ಬಣ್ಣದ್ದು. ಆಹಾ, ಎಂಥ ತಿಳಿ!

ಮರುದಿನ ಕ್ಯಾಮೆರಾ ಒಳಗೆ ಹೋಯಿತು. ಪರದೆಯ ಮೇಲೆ ಎಲ್ಲೆಲ್ಲೂ ಕೆಂಪು.

"ಬ್ಲಡ್! ರೈಯನ್ನು ಕರೆಯಿರಿ! ರಕ್ತ ರೆಡಿ ಮಾಡಿ!" ಎಂದು ಕುರುಪ್ ಕೂಗಿದ್ದು ನಮ್ಮ ಮಹಡಿಗೂ ಕೇಳಿತು. ಅವರು ಹೀರಿ ತೆಗೆದ ದ್ರವವನ್ನು ಟ್ಯೂಬಿನಲ್ಲಿ ತಂದುಕೊಟ್ಟರು. ನಾನು ನೋಡಿದೆ. ಬಣ್ಣವನ್ನು ನಂಬುವ ಅಭ್ಯಾಸ ನನಗಿರಲಿಲ್ಲ. ಒಂದು ಚಿಟಿಕೆ ಸೋಡಾ ಹಾಕಿ ಅಲುಗಾಡಿಸಿದೆ. ಕೆಂಪು ಹೋಗಿ ಹಸಿರುಗಪ್ಪಾಯಿತು. ಮನುಷ್ಯನ ರಕ್ತ ಏನು ಮಾಡಿದರೂ ಹಾಗಾಗುವುದಿಲ್ಲ.

ಕೆಳಗೆ ಹೋಗಿ ಹಾಜಿಯವರ ಕಿವಿಯ ಹತ್ತಿರ ಕೇಳಿದೆ. "ಹಾಜಿಯವರೇ, ಎಂತ ಕುಡಿದದ್ದು?"

ಅರೆ ಮಂಪರಿನಲ್ಲಿದ್ದರು. "ನೀವು ಹೇಳಿದ್ದನ್ನೇ. ತಿಳಿ."

"ಎಂತದರ ತಿಳಿ?"

"ಪುನರ್ಪುಳಿ. ಹೊಟ್ಟೆಗೆ ತಂಪು."

"ಅದು ಎಂತ ಪುಳಿ?" ಎಂದರು ಕೊಲ್ಲಂನ ಕುರುಪ್. ಕೋಣೆಯಲ್ಲಿದ್ದ ಎಲ್ಲ ಊರವರೂ ನಕ್ಕುಬಿಟ್ಟರು. ನಕ್ಕವರಲ್ಲಿ ಬದಿಯಡ್ಕದವರೇ ಇಬ್ಬರಿದ್ದರು ಎಂಬುದನ್ನು ಆಗ ಯಾರೂ ಯೋಚಿಸಲಿಲ್ಲ.

ಹಾಜಿಯವರನ್ನು ಮತ್ತೊಂದು ಸಲ ಖಾಲಿ ಮಾಡಿಸಿ, ಮತ್ತೆ ನಳಿಕೆ ಹಾಕಿದರು. ಎರಡು ಗಂಟುಗಳು ಸಿಕ್ಕಿದವು. ತೆಗೆದರು. ಮತ್ತೆ ಬರುವ ಜಾತಿಯವು, ಬಂದರೆ ಕೆಡುವ ಜಾತಿಯವು. ಹಾಜಿಯವರ ಅಣ್ಣ ಇದೇ ಕಾಯಿಲೆಯನ್ನು ಯಾರಿಗೂ ತೋರಿಸದೆ ತೀರಿಕೊಂಡಿದ್ದರು.

"ಮೂರು ವರ್ಷ ಕಳೆದು ಮತ್ತೆ ಬರಬೇಕು," ಎಂದರು ಕುರುಪ್.

"ಇನ್ನು ಸತ್ತರೂ ಇಲ್ಲ ಡಾಕ್ಟ್ರೇ."

"ಬರದಿದ್ದರೆ ಅದೇ ಆಗುವುದು ಹಾಜಿಯಾರೇ."

ಹಾಜಿಯವರು ಬೇಜಾರಿನಿಂದ ಎದ್ದು ಹೋದರು. ಅವರನ್ನು ಮತ್ತೆ ಆ ಮಂಚದ ಮೇಲೆ ಮಲಗಿಸುವುದು ಹೇಗೆ ಎಂಬುದು ಅಂದಿನಿಂದ ಕುರುಪ್ ಅವರ ತಲೆಗೆ ಹತ್ತಿತು. ಮಲಗಿಸಲು ಆಗದಿದ್ದರೆ, ಮಲಗುವ ಅಗತ್ಯ ಇದೆಯೇ ಎಂದಾದರೂ ರಕ್ತ ಹೇಳಲಿ ಎಂದು ನನ್ನನ್ನು ಹಿಡಿದುಕೊಂಡರು.

ಅಧ್ಯಯನ ಶುರುವಾಯಿತು. ಗಂಟು ತೆಗೆಸಿಕೊಂಡವರಿಂದ ಆಗಾಗ ರಕ್ತ ತೆಗೆಯುವುದು. ಹತ್ತು ಹನ್ನೆರಡು ಪ್ರೋಟೀನುಗಳನ್ನು ಅಳೆಯುವುದು. ಮತ್ತೆ ನಳಿಕೆ ಹಾಕಿದಾಗ ಯಾರಲ್ಲಿ ಗಂಟು ಮರಳಿದೆಯೋ ಅವರಲ್ಲಿ ಯಾವ ಪ್ರೋಟೀನು ಮೊದಲೇ ಹೆಚ್ಚಿತ್ತು ಎಂದು ನೋಡುವುದು. ಅವುಗಳ ಇಂಗ್ಲಿಷ್ ಹೆಸರುಗಳನ್ನು ಹೇಳಲು ಹೋದರೆ ಉಸಿರು ಸಾಲದು. ನಾವು ಒಂದನೆಯದು, ಎರಡನೆಯದು ಎಂದೇ ಕರೆಯುತ್ತಿದ್ದೆವು.

ಅರ್ಧಕ್ಕರ್ಧ ಜನ ಬದಿಯಡ್ಕದ ಕಡೆಯವರು. ಶೈಲಜಾ ಬೆಳಗ್ಗೆ ಅಲ್ಲಿಗೆ ಹೋಗಿ ಒಂದು ಕ್ಲಿನಿಕ್ಕಿನಲ್ಲಿ ಕುಳಿತು ರಕ್ತ ತೆಗೆಯುತ್ತಿದ್ದಳು. ಟ್ಯೂಬುಗಳನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಇಟ್ಟು ಕಾಸರಗೋಡಿನ ಖಾಸಗಿ ಬಸ್ಸಿಗೆ ಹಾಕಿದರೆ, ಇಲ್ಲಿ ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಕಂಡಕ್ಟರ್ ಇಳಿಸಿ ಹೋಗುತ್ತಿದ್ದ. ಪೇಟೆಯವರು ನೇರ ಲ್ಯಾಬಿಗೆ ಬಂದು ಕೊಡುತ್ತಿದ್ದರು. ಹಾಜಿಯವರು ಬದಿಯಡ್ಕದವರಾದರೂ, ತನ್ನದೇ ಪೇಟೆಯಲ್ಲಿ ಸಾಲಿನಲ್ಲಿ ಕೂರುವುದು ಬೇಡವೆಂದು ಕಾರಿನಲ್ಲಿ ಕಾಸರಗೋಡಿಗೆ ಬಂದು ಕೈ ಚಾಚುತ್ತಿದ್ದರು. ರಕ್ತ ಕೊಡಲು ಅವರದೇನೂ ತಕರಾರಿರಲಿಲ್ಲ. "ಇದಾದರೆ ಮುಂಬದಿಯಿಂದ ಮಾರಾಯ್ರೇ," ಎನ್ನುತ್ತಿದ್ದರು.

ಸಂಶೋಧನೆಯ ಫಲಿತಾಂಶವನ್ನು ರೋಗಿಗಳಿಗೆ ಹೇಳಬಾರದು ಎಂಬುದು ಪುಸ್ತಕದ ಮಾತು. ಆದರೆ ನಮ್ಮ ಕಡೆ ರಕ್ತ ಕೊಟ್ಟವನು ರಿಪೋರ್ಟ್ ಸಿಗದೆ ಮನೆಗೆ ಹೋಗುವುದಿಲ್ಲ. "ತೆಗ್ದದ್ದು ನನ್ನ ರಕ್ತ ಅಲ್ಲವಾ? ಅದರಲ್ಲಿ ಎಂತ ಉಂಟು ಅಂತ ನನಗೆ ಹೇಳ್ಳಿಕ್ಕೆ ನಿಮಗೆ ಎಂತ?" ಎಂದು ಕೇಳುತ್ತಾರೆ. ಹೇಳದಿದ್ದರೆ ಜನ ಬಿಟ್ಟುಹೋಗುತ್ತಾರೆಂದು ಕುರುಪ್ ಬಾಯಲ್ಲಿ ಹೇಳತೊಡಗಿದರು. ನಿಮ್ಮದು ಹೆಚ್ಚು, ನಿಮ್ಮದು ಕಡಿಮೆ. ನಾನು ಬೇಡವೆಂದೆ. "ರೈ, ನೀವು ತಾಯಿ ಹಾಲು ಕೊಟ್ಟರೂ ಮೊದಲು ಲ್ಯಾಕ್ಟೋಮೀಟರ್ ಇಟ್ಟಿರಬೇಕು," ಎಂದರು.

ಸ್ವಲ್ಪ ಕಾಲದಲ್ಲಿ ಏಳನೆಯ ಪ್ರೋಟೀನು ಮಿಂಚತೊಡಗಿತು. ಅದು ಹೆಚ್ಚಿದ್ದವರಲ್ಲಿ ಮತ್ತೆ ಮತ್ತೆ ಗಂಟು ಸಿಗುತ್ತಿತ್ತು; ಕಡಿಮೆ ಇದ್ದವರಲ್ಲಿ ಒಬ್ಬರಲ್ಲೂ ಇಲ್ಲ. ಕುರುಪ್ ಲ್ಯಾಬಿಗೆ ಬಂದು ನನ್ನನ್ನೂ ಶೈಲಜಾಳನ್ನೂ ಬೆನ್ನು ತಟ್ಟಿ ತಟ್ಟಿ ಹೊಗಳಿದರು. ಕುಣಿದರು ಎಂದು ನನ್ನ ನೆನಪು. ಇಲ್ಲ, ಸ್ಟೂಲಿಗೆ ಕಾಲು ತಾಗಿ ಎಡವಿದ್ದು ಎಂದು ಶೈಲಜಾ ಹೇಳುತ್ತಾಳೆ.

ಹಾಜಿಯವರದ್ದು ಬಹಳ ಕಡಿಮೆ. ಕುರುಪ್ ಅದನ್ನು ಅವರಿಗೆ ಎಷ್ಟು ಸಂತೋಷದಿಂದ ಹೇಳಿದರೆಂದರೆ, ಹಾಜಿಯವರು ಆಸ್ಪತ್ರೆಯ ಎಲ್ಲರಿಗೂ ಹಲ್ವ ತರಿಸಿದರು. ಬದಿಯಡ್ಕದಲ್ಲಿ ಮದುವೆ, ನಿಶ್ಚಿತಾರ್ಥ ಎಲ್ಲಿ ಹೋದರೂ, "ನನ್ನ ಏಳನೆಯದು ಕಡಿಮೆ ಉಂಟು," ಎಂದು ಹೇಳಿಕೊಂಡರು. ಪ್ರೋಟೀನು ಕಡಿಮೆ ಎಂಬ ಸುದ್ದಿ ಅರ್ಧಂಬರ್ಧ ಕೇಳಿದ ನಫೀಸಾ ದಿನಕ್ಕೆ ಮೂರು ಹೊತ್ತು ಮೊಟ್ಟೆ ಬೇಯಿಸಿ ಹಾಕಿದರಂತೆ. ಮುಂದಿನ ಸಲ ರಕ್ತ ಕೊಡಲು ಬಂದಾಗ ಹಾಜಿಯವರ ಶರ್ಟಿನ ಗುಂಡಿ ಹಾಕಲು ಆಗುತ್ತಿರಲಿಲ್ಲ.

ಮೂರು ವರ್ಷ ತುಂಬಿತು. ಆಸ್ಪತ್ರೆಯಿಂದ ಕರೆ ಹೋಯಿತು. "ಡಾಕ್ಟ್ರೇ, ರಕ್ತ ಪಾಸಾಗಿದೆಯಲ್ಲ? ಮತ್ತೆ ಎಂತ ನಳಿಕೆ?" ಎಂದು ಹಾಜಿಯವರು ಫೋನ್ ಇಟ್ಟರು. ಕುರುಪ್ ತಲೆ ಕೆರೆದುಕೊಂಡರು. ಆದರೆ ಅವರ ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಅವರ ಪರೀಕ್ಷೆಯನ್ನು ಅವರಿಗಿಂತ ಹೆಚ್ಚು ನಂಬುವವರು ಒಬ್ಬರು ಸಿಕ್ಕಿದ್ದರಲ್ಲ.

ನನಗೆ ನಂಬಿಕೆ ಬರಲಿಲ್ಲ. ನಮ್ಮಂಥ ಸಣ್ಣ ಲ್ಯಾಬಿನಲ್ಲಿ, ಒಂದೇ ಪ್ರೋಟೀನಿನಲ್ಲಿ ಇಷ್ಟು ಸಲೀಸಾಗಿ ಸತ್ಯ ಸಿಗಲಿಕ್ಕಿಲ್ಲ. ಹೆಚ್ಚು ಇದ್ದವರು ಯಾರು ಎಂದು ನೋಡುತ್ತಾ ಹೋದೆ. ಬಹುತೇಕ ಎಲ್ಲರೂ ಬದಿಯಡ್ಕದವರು. ಕಡಿಮೆ ಇದ್ದವರು ಪೇಟೆಯವರು. ಮತ್ತೆ ಹಾಜಿಯವರು. ಬದಿಯಡ್ಕದ ನೀರಿನಲ್ಲಿ ಏನಾದರೂ ಇದೆಯೇ ಎಂದು ಯೋಚಿಸಿದೆ. ಹಾಗಾದರೆ ಅದೇ ನೀರು ಕುಡಿಯುವ ಹಾಜಿಯವರದ್ದು ಹೇಗೆ ಕಡಿಮೆ? ಅವರು ಉಳಿದವರಿಗಿಂತ ಬೇರೆ ಮಾಡಿದ್ದು ಒಂದೇ. ಕಾರಿನಲ್ಲಿ ಬಂದದ್ದು.

ಒಂದು ದಿನ ಕೊಡೆ ಹಿಡಿದುಕೊಂಡು ಬದಿಯಡ್ಕಕ್ಕೆ ಹೋದೆ. ಶೈಲಜಾಳಿಂದ ನನ್ನದೇ ರಕ್ತ ತೆಗೆಸಿದೆ. ಇದೇನೂ ತ್ಯಾಗವಲ್ಲ. ಲ್ಯಾಬಿನಲ್ಲಿ ಆರೋಗ್ಯವಂತರ ರಕ್ತ ಬೇಕಾದಾಗಲೆಲ್ಲ ನನ್ನ ತೋಳನ್ನೇ ಚುಚ್ಚುವುದು ಅಲ್ಲಿನ ಪದ್ಧತಿಯಾಗಿತ್ತು. ಪೆಟ್ಟಿಗೆಯ ಜೊತೆ ನಾನೂ ಬಸ್ಸು ಹತ್ತಿದೆ.

ಕಂಡಕ್ಟರ್ ಪೆಟ್ಟಿಗೆಯನ್ನು ನನ್ನ ಕೈಯಿಂದ ಗೌರವದಿಂದ ತೆಗೆದುಕೊಂಡ. "ಕೊಡಿ ಸಾರ್, ಅದಕ್ಕೆ ಬೇರೆ ಸೀಟ್ ಉಂಟು."

"ಎಲ್ಲಿ?"

"ಡ್ರೈವರ್ ಹತ್ತಿರ. ಆಸ್ಪತ್ರೆಯದ್ದಲ್ವಾ, ಹಿಂದೆ ಇಟ್ಟರೆ ಜನ ಕೂತ್ಕೊಳ್ತಾರೆ." ಹೇಳಿ, ಇಂಜಿನ್ ಮೇಲಿನ ಬಿಸಿ ಮುಚ್ಚಳದ ಮೇಲೆ, ಒಂದು ಗೋಣಿಚೀಲ ಹಾಸಿ, ದೇವರ ಪ್ರಸಾದ ಇಡುವಂತೆ ಇಟ್ಟ.

ನಾನು ಆ ಮುಚ್ಚಳಕ್ಕೆ ಕೈ ತಾಗಿಸಿದೆ, ತಟ್ಟನೆ ಹಿಂದೆಗೆದೆ. "ಇದು ಬಿಸಿ ಅಲ್ಲವಾ ಮಾರಾಯ?"

"ಬಿಸಿ ಉಂಟು. ಅದಕ್ಕೇ ಯಾರೂ ಅಲ್ಲಿ ಕೂತ್ಕೊಳ್ಳುದಿಲ್ಲ. ಸೇಫ್."

ಇಷ್ಟು ವರ್ಷ ಅವನು ಆ ಪೆಟ್ಟಿಗೆಯನ್ನು ಮಗುವಿನಂತೆ ನೋಡಿಕೊಂಡಿದ್ದ. ಅದನ್ನು ಬೇಯಿಸಿಯೂ ಬಿಟ್ಟಿದ್ದ. ಕಾಸರಗೋಡಿನ ಚಹಾ ಅಂಗಡಿಯಲ್ಲಿ ಇಳಿಸಿದರೆ, ಆಸ್ಪತ್ರೆಯವರು ಬರುವ ತನಕ ಅದು ಬೋಂಡ ಕಾಯಿಸುವ ಒಲೆಯ ಪಕ್ಕದ ಬೆಂಚಿನಲ್ಲಿ ಕುಳಿತಿರುತ್ತಿತ್ತು. ಅದೂ ಭದ್ರತೆಗೆಂದೇ. ಅಷ್ಟರಲ್ಲಿ ಐಸ್ ನೀರಾಗಿರುತ್ತಿತ್ತು.

ತೆಗೆದ ರಕ್ತವನ್ನು ಬೇಗನೆ ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಕಣಗಳನ್ನೂ ನೀರಿನ ಭಾಗವನ್ನೂ ಬೇರೆ ಮಾಡಬೇಕು. ತಡವಾದರೆ, ಬಿಸಿಯಾದರೆ, ಕಣಗಳು ತಮ್ಮೊಳಗಿನದನ್ನೆಲ್ಲ ಹೊರಗೆ ಚೆಲ್ಲುತ್ತವೆ. ಏಳನೆಯದು ಹಾಗೆ ಚೆಲ್ಲುವಂಥದ್ದು. ಲ್ಯಾಬಿಗೆ ಬಂದು, ಅದೇ ತೋಳಿನಿಂದ ಇನ್ನೊಮ್ಮೆ ರಕ್ತ ತೆಗೆಸಿ, ಕೂಡಲೇ ತಿರುಗಿಸಿ ಎರಡನ್ನೂ ಅಳೆದೆ. ಲ್ಯಾಬಿನ ನನ್ನ ರಕ್ತದಲ್ಲಿ ಏಳನೆಯದು ಕಡಿಮೆ. ಬಸ್ಸಿನ ನನ್ನ ರಕ್ತದಲ್ಲಿ ಸಿಕ್ಕಾಪಟ್ಟೆ ಹೆಚ್ಚು. ಒಂದೇ ಮನುಷ್ಯ, ಒಂದೇ ದಿನ.

ಉಳಿದದ್ದು ಅರ್ಥವಾಗಲು ತಡವಾಗಲಿಲ್ಲ. "ನಿಮ್ಮದು ಹೆಚ್ಚು," ಎಂದು ಕೇಳಿದ ಬದಿಯಡ್ಕದವರು ಹೆದರಿ ಬಂದು ನಳಿಕೆ ಹಾಕಿಸಿಕೊಂಡಿದ್ದರು. ಹುಡುಕಿದಲ್ಲಿ ಕೆಲವರಲ್ಲಿ ಗಂಟು ಸಿಕ್ಕಿತ್ತು. "ಕಡಿಮೆ," ಎಂದವರು ಸಮಾಧಾನದಿಂದ ಮನೆಯಲ್ಲಿದ್ದರು. ನೋಡದೆ ಇದ್ದವರಲ್ಲಿ ಗಂಟು ಸಿಗುವುದಾದರೂ ಹೇಗೆ? ನಾವು ಬಾರದವರನ್ನೆಲ್ಲ ಗಂಟಿಲ್ಲದವರ ಗುಂಪಿಗೆ ಸೇರಿಸಿದ್ದೆವು.

ಕುರುಪ್ ಅವರಿಗೆ ಹೇಳಿದೆ.

"ಹಾಗಾದರೆ ಏಳನೆಯದು ಎಂತ ಹೇಳುತ್ತದೆ?"

"ಯಾರ ರಕ್ತ ಬಸ್ಸಿನಲ್ಲಿ ಬಂತು ಅಂತ ಹೇಳುತ್ತದೆ ಸಾರ್. ಅದನ್ನು ಬಹಳ ಚೆನ್ನಾಗಿ ಹೇಳುತ್ತದೆ."

"ಟಿಕೆಟ್ ನೋಡಿದರೂ ಗೊತ್ತಾಗ್ತಿತ್ತು," ಎಂದರು. ಮತ್ತೆ, ಯಾವ ಪೀಠಿಕೆಯೂ ಇಲ್ಲದೆ, "ಹಾಜಿಯಾರ್," ಎಂದರು.

ಹೊಸಬರೇ, ಈ ಕೆಲಸದಲ್ಲಿ ನನಗೆ ಇನ್ನೂ ಜೀರ್ಣವಾಗದ ಸಂಗತಿ ಇದು. ತಪ್ಪು ಪರೀಕ್ಷೆಯಿಂದ ಹೆದರಿ ಬಂದವರಲ್ಲಿ ಕೆಲವರ ಗಂಟುಗಳು ಸಿಕ್ಕಿ ಅವರಿಗೆ ಒಳ್ಳೆಯದೇ ಆಯಿತು. ತಪ್ಪು ಪರೀಕ್ಷೆಯಿಂದ ಧೈರ್ಯ ತಂದುಕೊಂಡವರು ಅಪಾಯದಲ್ಲಿದ್ದರು. ಉಳಿದವರನ್ನು ಫೋನಿನಲ್ಲಿ ಕರೆದು ನಳಿಕೆಗೆ ಒಪ್ಪಿಸಿದೆವು. ಹಾಜಿಯವರು ಫೋನ್ ಎತ್ತಲಿಲ್ಲ. ಆದ್ದರಿಂದ ನಾನೇ ಹೋದೆ.

ಅಡಿಕೆ ಅಂಗಡಿಯಲ್ಲಿ, ಗೋಣಿಗಳ ನಡುವೆ ಕುಳಿತಿದ್ದರು. ಚಹಾ ತರಿಸಿದರು. ನಾನು ನೇರವಾಗಿ ಹೇಳಿದೆ.

"ಹಾಜಿಯವರೇ, ಆ ರಕ್ತದ ಲೆಕ್ಕವನ್ನು ನಂಬಬೇಡಿ."

"ಯಾಕೆ? ಹೆಚ್ಚುಂಟಾ ಈಗ?"

"ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಅದು ಗಂಟನ್ನು ಅಳೆಯುವುದೇ ಇಲ್ಲ. ಬಸ್ಸನ್ನು ಅಳೆಯುತ್ತದೆ."

"ನಾನು ಬಸ್ಸಲ್ಲಿ ಬರ್ಲೇ ಇಲ್ಲ."

"ಅದಕ್ಕೇ ಕಡಿಮೆ."

"ಮತ್ತೆ ಒಳ್ಳೆದೇ ಆಯ್ತಲ್ಲ ಮಾರಾಯ್ರೇ!"

ಬೇರೆ ದಾರಿ ಹಿಡಿದೆ. "ನೀವು ಅಡಿಕೆ ತೆಗೆದುಕೊಳ್ಳುವಾಗ ಗೋಣಿಯ ವಾಸನೆ ನೋಡಿ ಬಿಡುತ್ತೀರಾ? ಕೈ ಹಾಕಿ, ನಾಲ್ಕು ಅಡಿಕೆ ತೆಗೆದು, ತುಂಡು ಮಾಡಿ ಒಳಗೆ ನೋಡುವುದಿಲ್ಲವಾ? ರಕ್ತ ಅಂದರೆ ವಾಸನೆ. ನಳಿಕೆ ಅಂದರೆ ತುಂಡು ಮಾಡಿ ನೋಡುವುದು."

ಈ ಹೋಲಿಕೆಯನ್ನು ಬಸ್ಸಿನಲ್ಲಿ ಬರುತ್ತಾ ತಯಾರು ಮಾಡಿಕೊಂಡಿದ್ದೆ. ನನಗೆ ತುಂಬಾ ಇಷ್ಟವಾಗಿತ್ತು.

ಹಾಜಿಯವರು ಚಹಾ ಕೆಳಗಿಟ್ಟರು. "ಅದು ಅಡಿಕೆ ರೈಗಳೇ. ತುಂಡು ಮಾಡಿದ್ರೆ ಅಡಿಕೆಗೆ ನಾಚಿಕೆ ಆಗುದಿಲ್ಲ."

ಅವರು ಬೀದಿಯ ಕಡೆ ನೋಡಿ ದನಿ ತಗ್ಗಿಸಿದರು.

"ಈ ಪೇಟೆಯಲ್ಲಿ ನನಗೆ ಎಂತ ಹೆಸರು ಉಂಟು, ಗೊತ್ತುಂಟಾ ನಿಮಗೆ? ಪುನರ್ಪುಳಿ ಹಾಜಿ. ಎದುರು ಹೇಳುದಿಲ್ಲ. ನಾನು ಅಂಗಡಿಗೆ ಹೋದ್ರೆ ಕೇಳ್ತಾರೆ, ಹಾಜಿಯವರಿಗೆ ಶರಬತ್ತು ಕೊಡ್ಲಿಕ್ಕಾ ಅಂತ. ನನ್ನ ತಂಗಿ ಮಗನ ಮದುವೆ ಮಾತುಕತೆಯಲ್ಲಿ ಸಹ ಕೆಂಪು ಶರಬತ್ತು ತಂದಿಟ್ರು ನನ್ನೆದುರು. ಎಲ್ಲರ ಮುಖ ಕೆಳಗೆ. ನಗು ತಡಿಲಿಕ್ಕೆ."

ಆಗ ತಿಳಿಯಿತು. ಅವರು ಏಳನೆಯದನ್ನು ನಂಬಿದ್ದು ಅದು ನಿಜ ಎಂದಲ್ಲ. ಅದು ಅವರನ್ನು ಆ ಕೋಣೆಯಿಂದ ಪಾರುಮಾಡಿತ್ತು.

"ನಿಮ್ಮ ಅಣ್ಣ ನಾಚಿಕೆಯಲ್ಲೇ ಹೋದದ್ದಲ್ಲವಾ ಹಾಜಿಯವರೇ," ಎಂದೆ. ಹೇಳಬಾರದಿತ್ತೋ ಏನೋ.

ಅವರಿಗೆ ಸಿಟ್ಟು ಬರಲಿಲ್ಲ. ಒಂದು ಅಡಿಕೆಯನ್ನು ಕೈಗೆತ್ತಿಕೊಂಡರು. ಆಮೇಲೆ ಕೇಳಿದರು. "ನೀವು ಹಾಕಿಸಿದ್ದುಂಟಾ?"

"ಎಂತ?"

"ನಳಿಕೆ."

"ನನಗೆ... ಇಲ್ಲ. ನಾನು ರಕ್ತದವನು."

"ಇಷ್ಟು ವರ್ಷ ಊರವರ ಕರುಳು ಎಣಿಸಿದ್ದೀರಿ. ನಿಮ್ಮದು ನೋಡ್ಲಿಲ್ಲ! ಪ್ರಾಯ ಎಷ್ಟು?"

ಹೇಳಿದೆ. ನೋಡಿಸಿಕೊಳ್ಳಬೇಕಾದ ಪ್ರಾಯ ಯಾವತ್ತೋ ದಾಟಿತ್ತು. ಎಲ್ಲವನ್ನೂ ಸಂಶಯದಿಂದ ನೋಡುವವನು ತನ್ನ ಹೊಟ್ಟೆಯೊಂದನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ.

"ಹಾಗಾದ್ರೆ ಒಂದು ಮಾತು," ಎಂದರು ಹಾಜಿಯವರು. "ನೀವು ಬಂದ್ರೆ ನಾನು ಬರ್ತೇನೆ. ಒಂದೇ ದಿವಸ. ನೀವು ಮೊದಲು."

ಮನೆಗೆ ಬಂದು ವಿನಯಾಳಿಗೆ ಹೇಳಿದೆ, ಊಟದ ನಂತರ. "ಒಳ್ಳೆದಾಯ್ತು," ಎಂದಳು. "ನಾನು ಹೇಳಿದ್ರೆ ಕೇಳ್ತಿರಲಿಲ್ಲ. ಹಾಜಿಯವರು ಹೇಳ್ಬೇಕಾಯ್ತು."

ಹಾಜಿಯವರ ಮೇಲೆ ಯಾರೂ ನಂಬಿಕೆ ಇಡಲು ತಯಾರಿರಲಿಲ್ಲವಾದ್ದರಿಂದ, ಕುರುಪ್ ನಮ್ಮಿಬ್ಬರನ್ನೂ ಹಿಂದಿನ ದಿನ ಬೆಳಗ್ಗೆಯೇ ಆಸ್ಪತ್ರೆಗೆ ಸೇರಿಸಿಕೊಂಡರು. ಎರಡು ಮಂಚದ ಕೋಣೆ. ಕಕ್ಕಸು ಒಂದೇ. ಇದು ಕುರುಪ್ ಅವರ ಸೇಡೋ, ಆಸ್ಪತ್ರೆಯ ಸ್ಥಳಾಭಾವವೋ, ಈಗಲೂ ನನಗೆ ಸಂಶಯ.

ಔಷಧಿ ನೀರಿನ ಮೊದಲ ಹೂಜಿಯ ಮಟ್ಟಿಗೆ ನಾವು ಸಭ್ಯರಾಗಿಯೇ ಇದ್ದೆವು.

"ನೀವು ಹೋಗಿ ರೈಗಳೇ."

"ಇಲ್ಲ ಇಲ್ಲ, ನೀವು ಹಿರಿಯರು. ನೀವು ಹೋಗಿ."

ಎರಡನೆಯ ಹೂಜಿಗೆ ವಯಸ್ಸಿನ ಲೆಕ್ಕ ಹೋಯಿತು. ಮೂರನೆಯದಕ್ಕೆ ಮಾತೇ ಹೋಯಿತು. ಯಾರ ಕಾಲು ವೇಗವೋ ಅವರದ್ದು ಬಾಗಿಲು. ನಾನು ಒಳಗಿದ್ದಾಗ ಹಾಜಿಯವರು ಹೊರಗಿಂದ ಬಾಗಿಲು ಬಡಿದರು.

"ರೈಗಳೇ! ಒಳಗೆ ಎಂತ ಸಂಶೋಧನೆ ಮಾಡ್ತಿದ್ದೀರಿ?"

"ಹಾಜಿಯವರೇ, ಈಗಷ್ಟೇ ಬಂದದ್ದು!"

"ನಿಮ್ಮ ಈಗಷ್ಟೇ ನನಗೆ ಆಗುದಿಲ್ಲ. ಹೊರಗೆ ಬನ್ನಿ, ಮತ್ತೆ ಪುನಃ ಹೋಗಿ!"

ಹೊರಬಂದೆ. ನಾನು ವಿಶ್ವವಿದ್ಯಾಲಯದಲ್ಲಿ ಕಲಿತ ಯಾವುದೂ ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ. ಸಂಜೆಯ ಹೊತ್ತಿಗೆ ನಾವಿಬ್ಬರೂ ಮಂಚದಲ್ಲಿ ಬಿದ್ದುಕೊಂಡು, ಉಸಿರು ಸಿಕ್ಕಾಗಲೆಲ್ಲ ನಗುತ್ತಿದ್ದೆವು. ನಕ್ಕರೂ ಅಪಾಯವಿತ್ತು. ನಫೀಸಾ ಮನೆಯಿಂದ ಫ್ಲಾಸ್ಕಿನಲ್ಲಿ ಗಂಜಿ ತಿಳಿ ಕಳಿಸಿದ್ದರು. ನರ್ಸು ಮುಚ್ಚಳ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಬಣ್ಣ ಪರೀಕ್ಷಿಸಿಯೇ ಕೊಟ್ಟಳು. ಹಾಜಿಯವರು ಅವಳ ಮುಖವನ್ನೇ ನೋಡುತ್ತಿದ್ದರು.

"ನಗು ಬಂದ್ರೆ ನಗು ಮೋಳೇ," ಎಂದರು, ಮಗಳನ್ನು ಕರೆಯುವ ಹಾಗೆ. "ಇವರದ್ದೂ ಸೇರಿಸಿ ನಗು."

ಮರುದಿನ ಮೊದಲು ನಾನು. ಮಂಪರಿನ ಮದ್ದು ಕೊಟ್ಟಿದ್ದರಿಂದ ನನ್ನ ಸಾಕ್ಷ್ಯಕ್ಕೆ ಬೆಲೆ ಇಲ್ಲ. ಕುರುಪ್ ಬಗ್ಗಿ, "ರೈ, ಏನೂ ಇಲ್ಲ. ಕ್ಲೀನ್. ಇಷ್ಟು ವರ್ಷ ನಿಮ್ಮ ರಕ್ತವನ್ನು ಆರೋಗ್ಯವಂತರ ರಕ್ತ ಅಂತ ಇಟ್ಟುಕೊಂಡಿದ್ದೆವಲ್ಲ, ಅಷ್ಟಾದರೂ ಸರಿ ಇತ್ತು," ಎಂದದ್ದು ನೆನಪು.

ಆಮೇಲೆ ಹಾಜಿಯವರನ್ನು ಒಳಗೆ ಕರೆದೊಯ್ದರು. ನಾನು ಹೊರಗೆ ಕುರ್ಚಿಯಲ್ಲಿ ಕುಳಿತೆ. ಪಕ್ಕದಲ್ಲಿ ಶೈಲಜಾ. ಆ ದಿನ ಬೆಳಗ್ಗೆ ಹಾಜಿಯವರ ರಕ್ತವನ್ನು ಅವಳು ತೆಗೆದು, ಕೂಡಲೇ ತಿರುಗಿಸಿ, ಅಳೆದಿದ್ದಳು. ಏಳನೆಯದು ಎಂದಿನ ಹಾಗೆ ಕಡಿಮೆ. ಒಳಗೆ ತಡವಾಗುತ್ತಿತ್ತು. ಏನೂ ಇಲ್ಲದಿದ್ದರೆ ತಡವಾಗುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆಚೆ ಬೆಂಚಿನಲ್ಲಿ ನಫೀಸಾ ಬಾಯೊಳಗೇ ಪ್ರಾರ್ಥಿಸುತ್ತಿದ್ದರು.

ಕುರುಪ್ ಹೊರಬಂದು, ತಲೆಯ ಟೊಪ್ಪಿ ತೆಗೆದು, ನನ್ನ ಪಕ್ಕದಲ್ಲಿ ಕುಳಿತರು.

"ಇತ್ತು," ಎಂದರು. "ಕರುಳಿನ ಮಡಿಕೆಯ ಹಿಂದೆ, ಚಪ್ಪಟೆಯಾಗಿ ಅಡಗಿ ಕೂತಿತ್ತು. ಪೂರ್ತಿ ತೆಗೆದಿದ್ದೇನೆ. ಇನ್ನೆರಡು ವರ್ಷ ಬಿಟ್ಟಿದ್ದರೆ..." ಆ ಗಂಟಿನ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ ಗೊತ್ತಾಯಿತು. ಅದು ಕೆಡುವ ಹೊಸ್ತಿಲಲ್ಲಿತ್ತು, ದಾಟಿರಲಿಲ್ಲ.

ಹಾಜಿಯವರಿಗೆ ಎಚ್ಚರವಾದಾಗ ನಾವೆಲ್ಲ ಸುತ್ತ ನಿಂತಿದ್ದೆವು. ಕುರುಪ್ ನಿಧಾನವಾಗಿ ವಿಷಯ ಹೇಳಿದರು. ಸಿಕ್ಕಿತು, ತೆಗೆದೆವು, ಹೆದರಬೇಡಿ.

ಹಾಜಿಯವರು ಕೇಳಿದ ಮೊದಲ ಮಾತು, "ರೈಗಳದ್ದು?"

"ರೈಗಳದ್ದು ಏನೂ ಇಲ್ಲ. ಪೂರ್ತಿ ಕ್ಲೀನ್."

ಹಾಜಿಯವರು ಕತ್ತು ಹೊರಳಿಸಿ ನನ್ನನ್ನು ದಿಟ್ಟಿಸಿದರು. "ಡಾಕ್ಟ್ರೇ, ಇವರದ್ದು ಇನ್ನೊಮ್ಮೆ ಸರಿ ನೋಡಿ."

ಇದನ್ನು ಅವರೇ ಹೇಳಿದ್ದೋ, ನಾವು ಆಮೇಲೆ ಹೇಳಿ ಹೇಳಿ ಹೀಗೆ ಮಾಡಿಕೊಂಡದ್ದೋ ಎಂದು ಶೈಲಜಾಳನ್ನು ಕೇಳಿದೆ. ಅವಳು ಖಂಡಿತವಾಗಿ ಅವರೇ ಹೇಳಿದ್ದು ಎನ್ನುತ್ತಾಳೆ. ನಫೀಸಾ ಆಗ ಜೋರಾಗಿ ಅತ್ತರು ಎಂದೂ ಹೇಳುತ್ತಾಳೆ. ನನಗೆ ನಕ್ಕದ್ದು ನೆನಪು. ಎರಡೂ ಆಗಿರಬಹುದು.

ಏಳನೆಯದನ್ನು ಕೈಬಿಟ್ಟೆವು. ಕುರುಪ್ ಒಂದು ಸಭೆಯಲ್ಲಿ ಎದ್ದುನಿಂತು, ಬಸ್ಸಿನ ಕಥೆಯನ್ನು ಏನೂ ಮುಚ್ಚಿಡದೆ ಹೇಳಿದರು. ಅವರ ಯಾವ ಯಶಸ್ಸಿಗೂ ಬೀಳದಷ್ಟು ಚಪ್ಪಾಳೆ ಬಿತ್ತು. ಮುಂದೆ ಯಾವ ಪ್ರೋಟೀನಾದರೂ ಈ ಕೆಲಸ ಮಾಡೀತು. ಮಾಡಲಿ ಎಂದೇ ನನ್ನ ಆಸೆ. ಆದರೆ ನೀವು ಅದನ್ನು ಕಂಡುಹಿಡಿದ ದಿನ, ಸಂತೋಷಪಡುವ ಮೊದಲು, ಸ್ಯಾಂಪಲ್ ಬಂದ ದಾರಿಯಲ್ಲಿ ಒಮ್ಮೆ ಪ್ರಯಾಣ ಮಾಡಿ ಬನ್ನಿ.

ಹೋದ ತಿಂಗಳು ಫೋನ್ ಬಂತು. ನಾನು ಊಟಕ್ಕೆ ಕುಳಿತಿದ್ದೆ.

"ರೈಗಳೇ, ನನ್ನ ಟೈಮ್ ಬಂತು. ಆಸ್ಪತ್ರೆಯವರು ಕರಿಲಿಲ್ಲ ಇನ್ನೂ. ನಾನೇ ಹೇಳಿ ಗುರುವಾರ ಮಾಡಿಸಿಕೊಂಡೆ."

"ಒಳ್ಳೆದಾಯ್ತು ಹಾಜಿಯವರೇ."

"ನೀವು ಬರ್ಲಿಕ್ಕುಂಟಲ್ಲ?"

"ನನಗೆ ಈ ಸಲ ಇಲ್ಲ. ಏನೂ ಇಲ್ಲದವರಿಗೆ ಹತ್ತು ವರ್ಷಕ್ಕೊಮ್ಮೆ ಸಾಕು."

ಮತ್ತೆ ಹೇಳಿದರು. "ನಳಿಕೆಗೆ ಅಲ್ಲ ಮಾರಾಯ್ರೇ. ಸುಮ್ಮನೆ ಹೊರಗೆ ಕೂತ್ಕೊಳ್ಳಿಕ್ಕೆ."

ಗುರುವಾರ ಬೆಳಗ್ಗೆ ಹೋಗಿ ಕೂತೆ.